ಪದ ಬೇಕು: ದಸ್ತಗಿರಿ ಅಲ್ಲ, ಸಜೆಯೂ ಅಲ್ಲ, ಮತ್ತೆ ‘ಡಿಟೆನ್ಷನ್’ ಏನು?

ಎಲ್ಲರಿಗೂ ನಮಸ್ಕಾರ. ವಿಜಯಪುರದಿಂದ ಬರೆಯುತ್ತಿದ್ದೇನೆ.

ಬೇರೆ ದೇಶದಲ್ಲಿ ಕಾಗದಪತ್ರ ಇಲ್ಲದೆ ಸಿಕ್ಕಿಬಿದ್ದವರನ್ನು ವಾಪಸ್ ಕಳಿಸುವವರೆಗೆ ಕೂಡಿಹಾಕುವ ಜಾಗ ಇರುತ್ತದಲ್ಲ, ಡಿಟೆನ್ಷನ್ ಸೆಂಟರ್, ಅದಕ್ಕೆ ನಮ್ಮ ಪತ್ರಿಕೆಗಳು ‘ಬಂಧನ ಕೇಂದ್ರ’ ಎಂದು ಬರೆಯುತ್ತವೆ. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡವನ್ನು ಇದೇ ಕೆಲಸಕ್ಕೆ ಸಜ್ಜು ಮಾಡಿದಾಗಲೂ ಹಾಗೇ ಬರೆದರು. ನನ್ನ ತಕರಾರು ಆ ‘ಬಂಧನ’ದ ಮೇಲೆ, ಅರೆಸ್ಟಿಗೂ ಅದೇ ಪದ ಬರೆಯುತ್ತಾರಲ್ಲ.

ತಕರಾರು ಹುಟ್ಟಿದ್ದು ನಮ್ಮ ಓಣಿಯಲ್ಲಿ. ಮೂರು ಮನೆ ಆಚೆಯ ಹುಡುಗ ಜೆಡ್ಡಾದಲ್ಲಿ ಡ್ರೈವರ್ ಆಗಿದ್ದ. ಸಂಬಳದ ಜಗಳವಾಗಿ ಬೇರೆ ಕಡೆ ಕೆಲಸ ಹಿಡಿದ. ಕಫೀಲ್, ಅಂದರೆ ವೀಸಾ ಕೊಟ್ಟ ಮಾಲೀಕ, ಅವನ ಮೇಲೆ ‘ಹುರೂಬ್’ ಹಾಕಿಸಿದ. ಓಡಿಹೋಗಿದ್ದಾನೆ ಅಂತ ದೂರು ಕೊಡೋದಕ್ಕೆ ಅಲ್ಲಿ ಹಾಗನ್ನುತ್ತಾರೆ. ಅಲ್ಲಿಗೆ ಇಕಾಮಾ, ಅಂದರೆ ಅಲ್ಲಿ ಇರಲು ಕೊಟ್ಟ ಪರವಾನಗಿ, ಸತ್ತಂತೆ. ಸಿಕ್ಕಿಬಿದ್ದ, ಕೆಲವು ವಾರ ಒಳಗಿದ್ದ, ಔಟ್‌ಪಾಸ್, ಅಂದರೆ ಊರಿಗೆ ವಾಪಸಾಗಲು ಮಾತ್ರ ಕೊಡುವ ಕಾಗದ, ಅದರ ಮೇಲೆ ಊರಿಗೆ ಬಂದ. ಅವನು ಹೇಳೋದು ಒಂದೇ ಮಾತು: “ಜೈಲ್ ಅಲ್ರೀ ಅಕ್ಕಾರ, ತರ್ಹೀಲ್.” ಓಣಿಯವರಿಗೆ ಅದೆಲ್ಲ ಒಂದೇ. ಅವನ ತಂಗಿಗೆ ಗಂಡು ನೋಡಲು ಹೋದಾಗ ಆ ಕಡೆಯವರು ಕೇಳಿದರಂತೆ: “ಹುಡುಗಿ ಅಣ್ಣ ಜೈಲಿಗೆ ಹೋಗಿ ಬಂದಾನಂತ, ಖರೆ ಏನ್ರಿ?”

ತರ್ಹೀಲ್ ಅಂದರೆ ಅರಬ್ಬಿಯಲ್ಲಿ ದೇಶದಿಂದ ಹೊರಗೆ ಕಳಿಸುವುದು. ಮಾಡುವ ಕೆಲಸದ ಹೆಸರೇ ಜಾಗಕ್ಕೂ ಬಂದಿದೆ. ಕನ್ನಡದಲ್ಲಿ ‘ಗಡಿಪಾರು ಕೇಂದ್ರ’ ಅನ್ನೋಣವೆಂದರೆ, ನಮ್ಮ ಕಡೆ ಗಡಿಪಾರು ಆಗೋದು ರೌಡಿಗಳು. ಚುನಾವಣೆ ಬಂದಾಗ ಪಟ್ಟಿಯೇ ಬರುತ್ತದೆ. ಹುಡುಗನ ಮೇಲೆ ಜೈಲಿನ ಬದಲು ರೌಡಿ ಹಣೆಪಟ್ಟಿ ಹಚ್ಚಿದಂತಾಗುತ್ತದೆ, ಅಷ್ಟೇ.

ನಮ್ಮ ಸಂವಿಧಾನದ 22ನೇ ವಿಧಿಯ ಇಂಗ್ಲಿಷ್ ತಲೆಬರಹದಲ್ಲೇ ಅರೆಸ್ಟ್ ಬೇರೆ, ಡಿಟೆನ್ಷನ್ ಬೇರೆ. ಅರೆಸ್ಟಿಗೆ ನಮ್ಮ ಪೊಲೀಸ್ ಕನ್ನಡದಲ್ಲಿ ‘ದಸ್ತಗಿರಿ’ ಎಂಬ ಗಟ್ಟಿ ಪದ ಇದೆ. ಕೋರ್ಟು ಶಿಕ್ಷೆ ಕೊಟ್ಟರೆ ‘ಸಜೆ’. ನಡುವಿನದ್ದಕ್ಕೇ ಅಂಥ ಗಟ್ಟಿ ಪದ ಇಲ್ಲ. ನಮ್ಮೂರಿನ ದರ್ಗಾ ಜೈಲಿನಲ್ಲಿ ಸಜೆ ಅನುಭವಿಸುವವನಿಗೆ ಬಿಡುಗಡೆಯ ತಾರೀಖು ಗೊತ್ತಿರುತ್ತದೆ. ಡಿಟೆನ್ಷನ್‌ನಲ್ಲಿ ಇರುವವರಿಗೆ ತಾರೀಖೇ ಇಲ್ಲ. ಬ್ರಿಟನ್ನಿನಲ್ಲಿ ಕಾನೂನು ಇಷ್ಟೇ ದಿನ ಎಂಬ ಮಿತಿ ಹಾಕಿಲ್ಲ. ಅಸ್ಸಾಮಿನಲ್ಲಿ ವಿದೇಶಿಯರೆಂದು ಘೋಷಿಸಿ ಕೂಡಿಹಾಕಿದವರಲ್ಲಿ ಮೂರು ವರ್ಷ ದಾಟಿದವರನ್ನು ಜಾಮೀನಿನ ಮೇಲೆ ಬಿಡಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2019ರಲ್ಲಿ. 2020ರಲ್ಲಿ, ಕೊರೊನಾ ಬಂದ ಮೇಲೆ, ಅದು ಎರಡು ವರ್ಷಕ್ಕೆ ಇಳಿಯಿತು. ಎರಡು ವರ್ಷ! ಶಿಕ್ಷೆ ಅಲ್ಲದ್ದಕ್ಕೆ.

ಹಾಗಂತ ಮೆದು ಪದವೂ ಬೇಡ. ಅಸ್ಸಾಮಿನಲ್ಲಿ ವರ್ಷಗಟ್ಟಲೆ ಇಂಥ ಆರು ಕೇಂದ್ರಗಳಿದ್ದದ್ದು ಜೈಲುಗಳ ಒಳಗೇ. ಗೋಲ್ಪಾಡಾ, ಕೋಕ್ರಾಝಾರ್, ಸಿಲ್ಚರ್, ತೇಜ್‌ಪುರ, ಜೋರ್ಹಾಟ್, ದಿಬ್ರುಗಢ. ಗೋಲ್ಪಾಡಾ ಜಿಲ್ಲೆಯ ಮಟಿಯಾದಲ್ಲಿ ಇದಕ್ಕೆಂದೇ ಕಟ್ಟಿದ ದೊಡ್ಡ ಕಟ್ಟಡ ಬಂದದ್ದು ಆಮೇಲೆ. 2021ರಲ್ಲಿ ಅಲ್ಲಿನ ಸರಕಾರ ಹೆಸರನ್ನು ‘ಟ್ರಾನ್ಸಿಟ್ ಕ್ಯಾಂಪ್’ ಎಂದು ಬದಲಿಸಿತು. ಎರಡು ರಾತ್ರಿ ಮಲಗಿ ಬಸ್ಸು ಹತ್ತುವ ಜಾಗ ಅನ್ನಿಸುವುದಿಲ್ಲವಾ? ಬ್ರಿಟನ್ನಿನವರೂ 2002ರ ಕಾನೂನಿನಲ್ಲಿ ‘ಡಿಟೆನ್ಷನ್’ ತೆಗೆದು ‘ರಿಮೂವಲ್ ಸೆಂಟರ್’ ಮಾಡಿದರು. ಬೋರ್ಡು ಬದಲಾಯಿತು, ಬೀಗ ಬದಲಾಗಲಿಲ್ಲ.

ಇನ್ನು ನಮ್ಮ ಅವ್ವ ಕೊಟ್ಟ ಪದ. ಹುಡುಗನ ಕತೆ ಪೂರ್ತಿ ಕೇಳಿ ಅಂದಳು: “ಅಂದ್ರ ಕೊಂಡವಾಡದಾಗ ಹಾಕಿದ್ರು ಅನ್ನು.”

ದಕ್ಷಿಣದವರಿಗೆ ಹೇಳಬೇಕು: ಕೊಂಡವಾಡ ಅಂದರೆ ಬೀದಿಗೆ, ಬೆಳೆಗೆ ಬಿದ್ದ ದನ ಕೂಡಿಹಾಕುವ ದೊಡ್ಡಿ. ಮರಾಠಿಯ ‘ಕೋಂಡವಾಡಾ’. ‘ಕೋಂಡಣೆ’ ಅಂದರೆ ಕೂಡಿಹಾಕುವುದು. 1871ರ ದನಗಳ ಕಾಯ್ದೆಯ ಕಾಲದಿಂದ ಊರೂರಲ್ಲಿ ಇತ್ತು. ಯೋಚಿಸಿ ನೋಡಿದರೆ ಅವ್ವ ಎಲ್ಲ ಹಿಡಿದಿದ್ದಾಳೆ. ಕೊಂಡವಾಡದ ಎಮ್ಮೆಗೆ ಯಾರೂ ಶಿಕ್ಷೆ ಕೊಟ್ಟಿಲ್ಲ. ‘ಇದು ನಮ್ಮದು’ ಅಂತ ಯಾರಾದರೂ ಬರುವವರೆಗೆ ಅದು ಅಲ್ಲಿರಬೇಕು. ಆ ಹುಡುಗನೂ ಕಾದದ್ದು ಇದಕ್ಕೇ. ಇವನು ನಮ್ಮವನು ಅಂತ ರಾಯಭಾರ ಕಚೇರಿ ಬರೆದುಕೊಟ್ಟರೆ ಔಟ್‌ಪಾಸ್, ಇಲ್ಲದಿದ್ದರೆ ಅದೇ ಕೋಣೆ, ಅದೇ ಗೋಡೆ.

ಆದರೆ ಮನುಷ್ಯರ ಜಾಗಕ್ಕೆ ದನದ ದೊಡ್ಡಿಯ ಹೆಸರು ಬರೆಯಲು ಕೈ ಬರುವುದಿಲ್ಲ. ಅವ್ವ ಸಿಟ್ಟಿನಲ್ಲಿ ಅಂದದ್ದು ಬೇರೆ, ನಾನು ಅಚ್ಚಿನಲ್ಲಿ ಹಾಕೋದು ಬೇರೆ.

ಮೊದಲ ಸಾಲಿನಿಂದ ನಾನೇ ‘ಕೂಡಿಹಾಕು’ ಅಂತ ಬರೆಯುತ್ತಾ ಬಂದಿದ್ದೇನೆ ನೋಡಿ. ಕ್ರಿಯಾಪದ ಸಲೀಸಾಗಿ ಬರುತ್ತದೆ, ನಾಮಪದ ಬರುವುದಿಲ್ಲ. ‘ತಡೆಮನೆ’ ಅಂತ ಒಂದು ಕಟ್ಟಿ ನೋಡಿದೆ. ಸೆರೆಮನೆಯ ತಮ್ಮನ ಹಾಗೆ ಕೇಳಿಸಿತು. ಹುಡುಗನಿಗೆ ಹೇಳಿದರೆ ನಕ್ಕುಬಿಟ್ಟ: “ಮನಿ ಅಂತೀರಲ್ರೀ ಅದಕ್ಕ!”

‘ಅಕ್ರಮ ವಲಸಿಗ’ ಬಗ್ಗೆಯೂ ಕೇಳೋದಿತ್ತು, ಇನ್ನೊಮ್ಮೆ ಬರೆಯುತ್ತೇನೆ. ಗಲ್ಫಿನಲ್ಲಿ ನಮ್ಮವರು ಅಂಥವರಿಗೆ ‘ಖಲ್ಲಿವಲ್ಲಿ’ ಅನ್ನುತ್ತಾರೆ. ಹೋಗಲಿ ಬಿಡು ಎಂಬ ಮಾತು ಮನುಷ್ಯನ ಹೆಸರಾಗಿಬಿಟ್ಟಿದೆ.

ಸದ್ಯಕ್ಕೆ ಕೇಳೋದು ಇಷ್ಟು. ಭಟ್ಕಳ, ಮಂಗಳೂರು ಕಡೆ ಗಲ್ಫಿಗೆ ಹೋಗಿ ಬಂದ ಮನೆಗಳು ಜಾಸ್ತಿ. ಅಲ್ಲಿ ತರ್ಹೀಲ್‌ಗೆ ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ ಏನನ್ನುತ್ತಾರೆ? ಬೆಳಗಾವಿಯವರು ಡಿಟೆನ್ಷನ್‌ಗೆ ಮರಾಠಿಯ ‘ಸ್ಥಾನಬದ್ಧತಾ’ವನ್ನು ಮಾತಿನಲ್ಲಿ ಬಳಸುತ್ತಾರಾ, ಇಲ್ಲ ಅದು ಬರೀ ಪೇಪರಿನ ಪದವಾ? ನಿಘಂಟು ನಾನೂ ನೋಡಿದ್ದೇನೆ, ನೀವು ಕೇಳಿದ ಮಾತನ್ನೇ ಬರೆಯಿರಿ. ಯಾರೂ ಬರೆಯದಿದ್ದರೆ ‘ತರ್ಹೀಲ್’ ಅಂತಲೇ ಇಟ್ಟುಬಿಡುತ್ತೇನೆ.