ಗಾಜು ಒಡೆದ ಕೂಡಲೇ ಆಟ ತೆವಳುತ್ತದೆ (ಮಿರರ್ಸ್ ಎಡ್ಜ್, ಜಿಟಿಎಕ್ಸ್ 1650)

ಬಟವಾಡಿ_ಓಟ, ತುಮಕೂರು
ನಮಸ್ಕಾರ. ಕಾಲೇಜಿನ ದಿನಗಳಲ್ಲಿ ಗೆಳೆಯನ ಕೊಠಡಿಯಲ್ಲಿ ಸರದಿಯ ಮೇಲೆ ಆಡುತ್ತಿದ್ದ ಮಿರರ್ಸ್ ಎಡ್ಜ್ ಅನ್ನು ಹೋದ ವಾರ ಮತ್ತೆ ಹಾಕಿಕೊಂಡೆ. 2009ರ ಜನವರಿಯಲ್ಲಿ ಕಂಪ್ಯೂಟರಿಗೆ ಬಂದ ಆಟ, ನನ್ನ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡಿಗೆ ಅದು ಯಾವ ಲೆಕ್ಕ ಎಂದುಕೊಂಡಿದ್ದೆ. ಮಾಳಿಗೆಯ ಮೇಲೆ ಓಡುವಾಗ ಫ್ರೇಮ್ ದರ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) 62ರಲ್ಲಿ ಕದಲದೆ ನಿಂತಿರುತ್ತದೆ. ಪೊಲೀಸರ ಒಂದು ಗುಂಡು ಕಚೇರಿಯ ಗಾಜಿಗೆ ತಗುಲಿತೋ, ಮುಗಿಯಿತು. ದರ 7, 8ಕ್ಕೆ ಇಳಿಯುತ್ತದೆ. ಆಟದ ನಾಯಕಿ ಫೇತ್ ಕೆಸರುಗದ್ದೆಗೆ ಇಳಿದವಳಂತೆ ಕಾಲೆಳೆಯುತ್ತಾಳೆ. ಹೊಸ ಡ್ರೈವರ್ ಹಾಕಿದೆ, ರೆಸಲ್ಯೂಷನ್ ಇಳಿಸಿದೆ, ಪ್ರಯೋಜನವಾಗಲಿಲ್ಲ. ಅಂಗಡಿಯವರು ರ‍್ಯಾಮ್ ಹೆಚ್ಚಿಸಿ ಎನ್ನುತ್ತಿದ್ದಾರೆ. ಈಗಾಗಲೇ 16 ಜಿಬಿ ಇದೆ.

ಕೋಲಾರದ_ಕೀಲಿಮಣೆ
ರ‍್ಯಾಮ್‌ಗೆ ದುಡ್ಡು ಸುರಿಯಬೇಡಿ ಸರ್. ಗಾಜು ಒಡೆಯುವ ಹೊತ್ತಿಗೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ: ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯುತ್ತಿದೆ, ಪ್ರೊಸೆಸರ್ ಎಷ್ಟು?

ಬಟವಾಡಿ_ಓಟ
ಕಾರ್ಡ್ ಹೆಚ್ಚುಕಡಿಮೆ ಮಲಗಿದೆ. ಪ್ರೊಸೆಸರಿನ ಒಂದು ಕೋರ್ ಮಾತ್ರ ಪೂರ್ತಿ ಉರಿಯುತ್ತಿದೆ, ಉಳಿದವು ಸುಮ್ಮನಿವೆ.

ಕೋಲಾರದ_ಕೀಲಿಮಣೆ
ಹಾಗಾದರೆ ಫಿಸ್‌ಎಕ್ಸ್ ತೊಂದರೆಯೇ. ಗಾಜಿನ ಚೂರು, ಹರಿಯುವ ಬಟ್ಟೆ, ಸುಳಿಯುವ ಹೊಗೆ, ಇವುಗಳ ಚಲನೆಯನ್ನು ಲೆಕ್ಕ ಹಾಕುವ ತಂತ್ರಾಂಶ ಅದು. ನಿಮ್ಮ ಕಾರ್ಡಿನ ಕಂಪನಿ ಎನ್‌ವಿಡಿಯಾ 2008ರಲ್ಲಿ ಏಜಿಯಾ ಕಂಪನಿಯನ್ನು ಕೊಂಡಾಗ ಜೊತೆಗೆ ಬಂದದ್ದು. ಕಂಪ್ಯೂಟರ್ ಆವೃತ್ತಿಯ ಹೆಗ್ಗಳಿಕೆಯೇ ಅದಾಗಿತ್ತು. ಆಟದ ಜೊತೆಗೆ ಆ ಕಾಲದ ಫಿಸ್‌ಎಕ್ಸ್ ಫೈಲುಗಳೂ ಬರುತ್ತವೆ. ಅವು ಈಗಿನ ಕಾರ್ಡುಗಳನ್ನು ಗುರುತಿಸುವುದಿಲ್ಲ. ಆದ್ದರಿಂದ ಸಾವಿರಾರು ಚೂರುಗಳ ಲೆಕ್ಕವೆಲ್ಲ ಪ್ರೊಸೆಸರಿನ ತಲೆಗೆ ಬೀಳುತ್ತದೆ.

ಆಟ ಇರುವ ಫೋಲ್ಡರಿನಲ್ಲಿ ಬೈನರೀಸ್ ಎಂಬುದನ್ನು ತೆರೆಯಿರಿ. ಫಿಸ್‌ಎಕ್ಸ್‌ಕೋರ್, ಫಿಸ್‌ಎಕ್ಸ್‌ಡಿವೈಸ್ ಎಂಬ ಎರಡು ಡಿಎಲ್‌ಎಲ್ ಫೈಲುಗಳ ಹೆಸರಿನ ಕೊನೆಗೆ ‘ಹಳೆಯದು’ ಎಂದೋ ಏನೋ ಸೇರಿಸಿ. ಅಳಿಸಬೇಡಿ, ನಾಳೆ ಬೇಕಾದೀತು. ಆಗ ಆಟ ವಿಂಡೋಸ್‌ನಲ್ಲಿರುವ ಹೊಸ ಫಿಸ್‌ಎಕ್ಸ್ ಹುಡುಕಿಕೊಳ್ಳುತ್ತದೆ.

ಬಟವಾಡಿ_ಓಟ
ಎರಡಕ್ಕೂ ಹೆಸರು ಬದಲಿಸಿದೆ. ಏನೂ ವ್ಯತ್ಯಾಸವಿಲ್ಲ. 8 ಇದ್ದದ್ದು 9 ಆಗಿದೆ, ಅಷ್ಟೇ.

ಕೋಲಾರದ_ಕೀಲಿಮಣೆ
ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫಿಸ್‌ಎಕ್ಸ್ ಎಂದಿರುವ ಪುಟ ತೆರೆಯಿರಿ. ಪ್ರೊಸೆಸರ್ ಎಂಬಲ್ಲಿ ಏನಿದೆ?

ಬಟವಾಡಿ_ಓಟ
ಸಿಪಿಯು, ಅಂದರೆ ಕಂಪ್ಯೂಟರಿನ ಪ್ರೊಸೆಸರ್ ಎಂದಿದೆ! ಯಾವಾಗಲೋ ಯಾವುದೋ ಸಲಹೆ ಕೇಳಿ ನಾನೇ ಬದಲಿಸಿದ್ದು ಈಗ ನೆನಪಾಗುತ್ತಿದೆ. ಕಾರ್ಡಿನ ಹೆಸರು ಆರಿಸಿ ಮತ್ತೆ ಆಡಿದೆ. ಗಾಜು ಪುಡಿಪುಡಿಯಾಗಿ ಉದುರಿತು, ದರ 62ರಿಂದ ಅಲುಗಲಿಲ್ಲ. ರಾತ್ರಿ ಒಂದೂವರೆಯವರೆಗೆ ಆಡಿದೆ. ತುಂಬಾ ಧನ್ಯವಾದ.

ಈ 62 ಮಾತ್ರ ಏಕೆ? ನನ್ನ ಪರದೆ 144 ಹರ್ಟ್ಸ್‌ನದು, ಸೆಕೆಂಡಿಗೆ 144 ಚಿತ್ರ ತೋರಿಸಬಲ್ಲದು.

ಕೋಲಾರದ_ಕೀಲಿಮಣೆ
ಆಟವೇ ಹಾಕಿಕೊಂಡ ಮಿತಿ. ಡಾಕ್ಯುಮೆಂಟ್ಸ್ ಒಳಗಿನ ಆಟದ ಕಾನ್ಫಿಗ್ ಫೋಲ್ಡರಿನಲ್ಲಿ ಟಿಡಿಎಂಜಿನ್ ಎಂಬ ಐಎನ್‌ಐ ಫೈಲ್ ಇದೆ. ಅದರಲ್ಲಿ ಮ್ಯಾಕ್ಸ್‌ಸ್ಮೂತ್ಡ್‌ಫ್ರೇಮ್‌ರೇಟ್ ಎದುರಿನ 62 ಅನ್ನು ತಿದ್ದಬಹುದು. ಮೊದಲು ಆ ಫೈಲಿನ ಪ್ರತಿ ಇಟ್ಟುಕೊಳ್ಳಿ. ನಾನಂತೂ ತಿದ್ದಿಲ್ಲ, ಜಿಗಿತದ ಅಂದಾಜು ಕೈಗೆ ಕೂತುಬಿಟ್ಟಿದೆ.

ಬಟವಾಡಿ_ಓಟ
ನಾನೂ ಮುಟ್ಟುವುದಿಲ್ಲ. ಒಂದು ವಿಷಯ ಕೇಳಬೇಕಿತ್ತು. ಅದೇ ಕಾಲದ ಬೇರೆ ಆಟಗಳ ಗೋಡೆಗಳು ಈಗ ಮಣ್ಣು ಮೆತ್ತಿದಂತೆ ಕಾಣುತ್ತವೆ. ಇದು ನಿನ್ನೆ ಸುಣ್ಣ ಬಳಿದಂತಿದೆ. ಹೇಗೆ?

ಕೋಲಾರದ_ಕೀಲಿಮಣೆ
ಬೆಳಕನ್ನು ಆಡುವಾಗ ಲೆಕ್ಕ ಹಾಕುತ್ತಿಲ್ಲ, ಅದಕ್ಕೆ. ಬಿಸಿಲು ಕಿತ್ತಳೆ ಗೋಡೆಗೆ ಬಡಿದು ಪಕ್ಕದ ಬಿಳಿ ಗೋಡೆಗೆ ಚೆಲ್ಲುವ ಬಣ್ಣವನ್ನೆಲ್ಲ ಆಟ ಮಾಡಿದ ಡೈಸ್ ಸ್ಟುಡಿಯೋದವರು ಸ್ವೀಡನ್ನಿನಲ್ಲೇ ಮೊದಲೇ ಲೆಕ್ಕ ಹಾಕಿ, ಗೋಡೆಗಳಿಗೆ ಅಂಟಿಸಿ ಕಳಿಸಿದ್ದಾರೆ. ಅದಕ್ಕೆ ಹೊಸ ಕಾರ್ಡೂ ಒಂದೇ, ಹಳೆಯದೂ ಒಂದೇ. ಕೆಟ್ಟದ್ದು ಅಂದಿನ ‘ಮುಂದುವರಿದ’ ಭಾಗವಾದ ಫಿಸ್‌ಎಕ್ಸ್ ಮಾತ್ರ. ಹೊಡೆದಾಟ ಅಂದೂ ಪೇಲವ, ಇಂದೂ ಪೇಲವ. ಲಿಫ್ಟಿನೊಳಗೆ ಕಾಯುವಾಗ ನಾನು ಕಾಫಿ ಬೆರೆಸಿಕೊಂಡು ಬರುತ್ತೇನೆ.

ಬಟವಾಡಿ_ಓಟ
ದಾರಿ ತೋರುವ ಕೆಂಪು ಬಣ್ಣವೂ ಹಳತಾಗಿಲ್ಲ. ನಿನ್ನೆ ಬಟ್ಟೆ ಹರವಲು ಮೇಲೆ ಹೋದವನು ಪಕ್ಕದ ಮನೆಯ ಕೆಂಪು ಪೈಪ್ ನೋಡಿ ಎರಡು ನಿಮಿಷ ನಿಂತೆ. ನಡುವೆ ಸೋಲಾರ್ ಹೀಟರ್, ಆಚೆ ಅಜ್ಜಿಯ ಹಪ್ಪಳ. ಫೇತ್ ಬಂದರೂ ಬೈಸಿಕೊಂಡೇ ಹೋಗಬೇಕು.

ಚಿಂತಾಮಣಿ_ಚೂರು
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನದು ಬೇರೆ ಕಂಪನಿಯದು, ಎಎಂಡಿ ಕಾರ್ಡ್. ಎರಡೂ ಫೈಲುಗಳ ಹೆಸರು ಬದಲಿಸಿದೆ, ಗಾಜು ಒಡೆದರೆ ಅದೇ ಪಾಡು.

ಕೋಲಾರದ_ಕೀಲಿಮಣೆ
ನಿಮಗೆ ಆ ದಾರಿ ಇಲ್ಲ. ಫಿಸ್‌ಎಕ್ಸ್ ಲೆಕ್ಕವನ್ನು ಎನ್‌ವಿಡಿಯಾ ಕಾರ್ಡು ಮಾತ್ರ ಹೊರುತ್ತದೆ. ಆಟದ ವಿಡಿಯೋ ಸೆಟ್ಟಿಂಗ್ಸ್‌ನಲ್ಲಿ ಫಿಸ್‌ಎಕ್ಸ್ ಆಫ್ ಮಾಡಿ. ಫೈಲುಗಳಿಗೆ ಹಳೆಯ ಹೆಸರನ್ನೇ ಮರಳಿ ಕೊಡಿ.

ಚಿಂತಾಮಣಿ_ಚೂರು
ಆಫ್ ಮಾಡಿದೆ, ನೀರಿನಂತೆ ಓಡುತ್ತಿದೆ. ಗಾಳಿಗೆ ಅಲ್ಲಾಡುತ್ತಿದ್ದ ಪ್ಲಾಸ್ಟಿಕ್ ಹಾಳೆಗಳು ಕಾಣೆಯಾಗಿವೆ. ಇರಲಿ, ನಾನು ಅವುಗಳನ್ನು ನೋಡುತ್ತಲೇ ಎರಡು ಸಲ ಕೆಳಗೆ ಬಿದ್ದಿದ್ದೆ.