ಧರ್ಮೋಪದೇಶ ವಿಭಾಗದ ಲಾಂಛನ: ಯಾವ ಸಂಕೇತ ಇಡಬೇಕು, ಯಾವುದು ಬಿಡಬೇಕು?

ಪ್ರಶ್ನೆ
ನಮ್ಮ ಧರ್ಮಕೇಂದ್ರದ (ಕಥೋಲಿಕ ಚರ್ಚಿನ) ಧರ್ಮೋಪದೇಶ ವಿಭಾಗಕ್ಕೆ, ಅಂದ್ರೆ ಮಕ್ಕಳಿಗೆ ಧರ್ಮಪಾಠ ಹೇಳುವ ವಿಭಾಗಕ್ಕೆ, ಲಾಂಛನ ಸಿದ್ಧವಾಗ್ತಿದೆ. ಕರಡಿನಲ್ಲಿ ತೆರೆದ ಬೈಬಲ್, ಶಿಲುಬೆ, ಪಾರಿವಾಳ, ಜ್ವಾಲೆ, ಗೋಧಿ ತೆನೆ, ದ್ರಾಕ್ಷಿ, ಪುಟಗಳ ಮೇಲೆ ಆಲ್ಫಾ–ಒಮೇಗಾ (ಗ್ರೀಕ್ ಅಕ್ಷರಮಾಲೆಯ ಮೊದಲ, ಕೊನೆಯ ಅಕ್ಷರ), ಸುತ್ತ ಮೂರು ವೃತ್ತ ಇವೆ. ಕಿಕ್ಕಿರಿದಂತೆ ಕಾಣುತ್ತೆ. ಆದರೆ ಏನೇ ತೆಗೆದರೂ ಅರ್ಥ ಕೆಡುತ್ತೆ ಅಂತಾರೆ ಸಮಿತಿಯವರು. ಬ್ಯಾಡ್ಜ್, ಪ್ರಮಾಣಪತ್ರ, ವಾಟ್ಸಾಪ್ ಡಿಪಿ ಎಲ್ಲಕ್ಕೂ ಇದೇ ಬೇಕು. ಏನು ಮಾಡೋದು?

ಉತ್ತರ 1
ಪಾರಿವಾಳ, ಜ್ವಾಲೆ ಎರಡೂ ಪವಿತ್ರಾತ್ಮರ ಸಂಕೇತವೇ, ಒಂದು ಸಾಕು. ಪಾರಿವಾಳ ಯೇಸುವಿನ ದೀಕ್ಷಾಸ್ನಾನದ್ದು (ಮತ್ತಾಯ 3:16), ಜ್ವಾಲೆ ಪ್ರೇಷಿತರ (ಯೇಸುವಿನ ಆಪ್ತ ಶಿಷ್ಯರ) ಮೇಲೆ ಪವಿತ್ರಾತ್ಮರು ಇಳಿದ ಪಂಚಾಶತ್ತಮ ದಿನದ್ದು (ಪ್ರೇಷಿತರ ಕಾರ್ಯಕಲಾಪಗಳು 2:3). ಬೆಂಕಿಯ ನಾಲಗೆಗಳು ಇಳಿದ ಮೇಲೆಯೇ ಪ್ರೇಷಿತರು ಬಾಯಿಬಿಟ್ಟು ಸಾರತೊಡಗಿದ್ದು. ಹಾಗಾಗಿ ಬೋಧಿಸುವ ವಿಭಾಗಕ್ಕೆ ಜ್ವಾಲೆಯೇ ಒಪ್ಪುತ್ತೆ. ತೆನೆ–ದ್ರಾಕ್ಷಿ ಪರಮಪ್ರಸಾದದ (ರೊಟ್ಟಿ–ದ್ರಾಕ್ಷಾರಸದ ಸಂಸ್ಕಾರದ) ಸಂಕೇತ. ಪ್ರಥಮ ಪರಮಪ್ರಸಾದದ ತರಗತಿಗೆ ಸರಿ, ಮುಂದಿನ ಸಂಸ್ಕಾರವಾದ ದೃಢೀಕರಣದವರೆಗೂ ಕಲಿಸುವ ವಿಭಾಗಕ್ಕೆ ಅದು ಒಂದು ಪಾಠ ಮಾತ್ರ. ವೃತ್ತಗಳು ಒಂದರೊಳಗೊಂದು ಹೆಣೆದುಕೊಂಡು, ಮೂರೂ ಸಮ ಅಳತೆಯಲ್ಲಿದ್ದರೆ ತ್ರಿತ್ವದ (ಪಿತ, ಸುತ, ಪವಿತ್ರಾತ್ಮ) ಸಂಕೇತ. ಸುಮ್ಮನೆ ಒಂದರ ಹೊರಗೊಂದು ಸುತ್ತಿದ್ದರೆ ಬರೀ ಅಂಚು.

ಉತ್ತರ 2
ಮೇಲಿನವರ ಮಾತು ಸರಿ. ಕೆಲಸ ಕೆಡೋದು ಹೆಚ್ಚಾಗಿ ಬಿಡಿಸುವಾಗ. ಆಲ್ಫಾ ನೋಡುವವರ ಎಡಕ್ಕೆ, ಒಮೇಗಾ ಬಲಕ್ಕೆ ಬರಬೇಕು. ದೊಡ್ಡಕ್ಷರದಲ್ಲಿ (Α, Ω) ಎರಡೂ ಕನ್ನಡಿಯಲ್ಲಿ ಹಾಗೇ ಕಾಣುವುದರಿಂದ, ಡಿಸೈನರ್ ಚಿತ್ರ ತಿರುಗಿಸಿದರೂ ಯಾರ ಕಣ್ಣಿಗೂ ಬೀಳಲ್ಲ, ಆದಿ–ಅಂತ್ಯ ಮಾತ್ರ ಅದಲು ಬದಲಾಗಿರುತ್ತೆ! ಜ್ವಾಲೆಗೆ "ಪವಿತ್ರಾತ್ಮರ ಏಳು ವರಗಳು" ಅಂತ ವಿವರಣೆ ಕೊಡೋದಾದರೆ ನಾಲಗೆಗಳನ್ನು ಎಣಿಸಿ. ಚಿತ್ರದಲ್ಲಿ ಐದು, ವಿವರಣೆಯಲ್ಲಿ ಏಳು ಆದರೆ ಮಕ್ಕಳೇ ಮೊದಲು ಹಿಡೀತಾರೆ.

ಕಸೂತಿ ಬ್ಯಾಡ್ಜಿನಲ್ಲಿ 1 ಮಿ.ಮೀ.ಗಿಂತ ತೆಳು ಗೆರೆ ದಾರದಲ್ಲಿ ಮುಳುಗಿಹೋಗುತ್ತೆ. ಡಿಪಿ ವೃತ್ತಾಕಾರದಲ್ಲಿ ಕತ್ತರಿಸಿಕೊಳ್ಳುತ್ತೆ, ಮೂಲೆಯಲ್ಲಿ ಏನೂ ಇಡಬೇಡಿ. ಬಣ್ಣ ತೆಗೆದು, ಬರೀ ಕಪ್ಪಿನಲ್ಲಿ 15 ಮಿ.ಮೀ. ಅಗಲಕ್ಕೆ ಪ್ರಿಂಟ್ ಹಾಕಿ ನೋಡಿ. ಗುರುತು ಸಿಗದ್ದು ಹೋಗಲಿ.

ಉತ್ತರ 3
1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ ಲಾಂಛನ ನೋಡಿ. ರೋಮಿನ ಡೊಮಿಟಿಲ್ಲಾ ಭೂಗತ ಸಮಾಧಿಯಲ್ಲಿದ್ದ, 3ನೇ ಶತಮಾನದ ಕೊನೆಯ ಕಲ್ಲಿನಿಂದ ತೆಗೆದದ್ದು. ಮರದಡಿ ಕೂತ ಕುರುಬ, ಕೋಲು, ಕೊಳಲು, ಒಂದು ಕುರಿ. ಕೋಲು ಕಾಯುವ ಅಧಿಕಾರ, ಕೊಳಲು ಮಂದೆಯನ್ನು ಸೆಳೆಯುವ ಸತ್ಯದ ನಾದ, ಮರ ಜೀವವೃಕ್ಷವಾದ ಶಿಲುಬೆ. ವಸ್ತು ನಾಲ್ಕೈದಿದ್ದರೂ ದೃಶ್ಯ ಒಂದೇ, ಅದಕ್ಕೇ ಕಣ್ಣಿಗೆ ಭಾರವಾಗಲ್ಲ. ನಿಮ್ಮ ಕರಡಿನಲ್ಲಿ ಎಲ್ಲವೂ ಬಿಡಿಬಿಡಿಯಾಗಿ ಅಂಟಿಸಿದಂತಿವೆ.

ಹೊಸದಾಗಿ ಅಡ್ಡಡ್ಡ ಇಟ್ಟ ಬೀಗದ ಕೈಗಳು, ಗೊಂಡೆ ಟೋಪಿ ಸೇರಿಸೋದೂ ಬೇಡ. ಬೀಗದ ಕೈಗಳು ಪೋಪರ ಲಾಂಛನದ್ದು. ಹಸಿರು ಟೋಪಿಯ ಅಕ್ಕಪಕ್ಕ ಆರಾರು ಗೊಂಡೆ ಇದ್ದರೆ ಧರ್ಮಾಧ್ಯಕ್ಷರು (ಬಿಷಪ್), ಹತ್ತತ್ತಿದ್ದರೆ ಮಹಾಧರ್ಮಾಧ್ಯಕ್ಷರು (ಆರ್ಚ್‌ಬಿಷಪ್). ಅವು ಪದವಿಯ ಗುರುತು, ಅಲಂಕಾರವಲ್ಲ.

ಪ್ರಶ್ನೆ ಕೇಳಿದವರು
ಹಾಗಾದರೆ ಪುಸ್ತಕದ ನಡುಮಡಿಕೆಯಿಂದ ಎದ್ದ ಶಿಲುಬೆ, ಅದರ ಹಿಂದೆ ಜ್ವಾಲೆ. ಪುಟದ ಮೇಲೆ ಒಂದು ಬೈಬಲ್ ವಚನ ಬರೆಸಬಹುದಾ?

ಉತ್ತರ 2
ಬೇಡ. ಕನ್ನಡದ ಒತ್ತಕ್ಷರ ಬ್ಯಾಡ್ಜಿನಲ್ಲಿ ಮೊದಲು ಕಲಸಿಹೋಗುತ್ತೆ. ವಚನ ಪ್ರಮಾಣಪತ್ರದಲ್ಲಿ ಲಾಂಛನದ ಕೆಳಗೆ ಬರಲಿ, ಪುಟ ಖಾಲಿ ಇರಲಿ. ಅಚ್ಚಿಗೆ ಕೊಡುವ ಮುಂಚೆ ಗುರುಗಳಿಗೆ ಬಣ್ಣದ್ದು, ಕಪ್ಪು–ಬಿಳಿಯದ್ದು ಎರಡೂ ತೋರಿಸಿ.