ಡ್ಯಾಶ್‌ಹೌಂಡಿಗೆ ಹ್ಯಾಲೋವೀನ್ ವೇಷ: ಎಂತ ಹಾಕುವುದು ಮಾರಾಯ್ರೆ?

ಬೋಂಡಾಳ_ಅಮ್ಮ
ಎಲ್ಲರಿಗೂ ನಮಸ್ಕಾರ. ನಮ್ಮದು ಕದ್ರಿ ಹತ್ತಿರ ಒಂದು ಅಪಾರ್ಟ್‌ಮೆಂಟ್. ಈ ಸಲ ಮಕ್ಕಳೆಲ್ಲ ಸೇರಿ ಅಕ್ಟೋಬರ್ 31ಕ್ಕೆ ಹ್ಯಾಲೋವೀನ್ ಮಾಡುತ್ತಾರಂತೆ, ನಾಯಿಗಳಿಗೂ ವೇಷದ ಸ್ಪರ್ಧೆ ಉಂಟಂತೆ. ನನ್ನನ್ನು ಒಂದು ಮಾತು ಕೇಳದೆ ಮಗಳು ನಮ್ಮ ಬೋಂಡಾಳ ಹೆಸರು ಕೊಟ್ಟು ಬಂದಿದ್ದಾಳೆ.

ಬೋಂಡಾ ಅಂದರೆ ನಾಲ್ಕು ವರ್ಷದ ಡ್ಯಾಶ್‌ಹೌಂಡ್. ಎಂಟು ಕೆಜಿ. ಎಂತ ಕೊಟ್ಟರೂ ತಿನ್ನುತ್ತಾಳೆ, ಬಟ್ಟೆ ಮಾತ್ರ ಆಗುವುದಿಲ್ಲ. ಆನ್‌ಲೈನಲ್ಲಿ ಬಾವಲಿ ರೆಕ್ಕೆ ತರಿಸಿದೆ, 450 ರೂಪಾಯಿ. ಎದೆಗೆ ಬಿಗಿ, ಹೊಟ್ಟೆಯ ಪಟ್ಟಿ ನೆಲ ಗುಡಿಸುತ್ತದೆ. ಹಾಕಿದ ಕೂಡಲೇ ಕಲ್ಲಿನ ಹಾಗೆ ನಿಂತುಬಿಟ್ಟಳು. ಕಿವಿ ಹಿಂದಕ್ಕೆ, ಒಂದು ಕಾಲು ಮೇಲೆ, ಸುಮ್ನೆ ಮೂಗು ನೆಕ್ಕಿಕೊಳ್ಳುವುದು. ಮಗಳು "ಎಷ್ಟು ಚಂದ ಪೋಸ್ ಕೊಡ್ತಾಳೆ ನೋಡಮ್ಮ" ಅಂತಾಳೆ. ನನಗೆ ಪಾಪ ಅನಿಸಿತು.

ಈಗ ಮಗಳಿಗೆ ಹುಲಿವೇಷ ಬೇಕಂತೆ, ಮೈಗೆ ಬಣ್ಣ ಬಳಿದು. ಕೆಳಗಿನ ಮನೆಯವರು "ಭೂತಕೋಲದ ದೈವದ ಹಾಗೆ ಬೆನ್ನ ಹಿಂದೆ ಆ ದೊಡ್ಡ ಅಲಂಕಾರ, ಅಣಿ ಕಟ್ಟಿ, ಫಸ್ಟ್ ಪ್ರೈಜ್ ನಿಮಗೇ" ಅನ್ನುತ್ತಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಹನ್ನೆರಡು ದಿನ ಉಂಟು. ಯಾರಾದರೂ ನಾಯಿಗೆ ವೇಷ ಹಾಕಿದವರು ಇದ್ದೀರಾ?

ಮಲ್ಪೆ_ಗಾಳಿ
ಅಣಿಯ ವಿಷಯ ಮೊದಲು. ಬೇಡವೇ ಬೇಡ ಅಕ್ಕ. ನಮ್ಮ ಊರಲ್ಲಿ ದೈವದ ವೇಷ ತಮಾಷೆಗೆ ಇಟ್ಟದ್ದಲ್ಲ, ಮನುಷ್ಯರು ಸ್ಟೇಜಿನಲ್ಲಿ ಹಾಕಿದರೇ ಜಗಳ ಆಗುತ್ತದೆ, ನಾಯಿಗೆ ಕಟ್ಟಿ ಫೋಟೋ ಹಾಕಿದರೆ ಕೇಳಬೇಕಾ.

ಬಣ್ಣವೂ ಬೇಡ. ಹುಲಿವೇಷದವರು ಮೈಯ ಪೈಂಟ್ ತೆಗೆಯಲು ಸೀಮೆಎಣ್ಣೆ ಉಜ್ಜುವುದನ್ನು ನೋಡಿದ್ದೀರಲ್ಲ? ನಾಯಿ ಮೈ ನೆಕ್ಕುವ ಪ್ರಾಣಿ. ಪೈಂಟೂ ಹೊಟ್ಟೆಗೆ, ಸೀಮೆಎಣ್ಣೆಯೂ ಹೊಟ್ಟೆಗೆ. ನಮ್ಮ ಪಕ್ಕದ ಮನೆಯ ಹುಡುಗ ಹೋದ ವರ್ಷ ಅವರ ಬಿಳಿ ನಾಯಿಗೆ ಬಟ್ಟೆಗೆ ಹಚ್ಚುವ ಬಣ್ಣದಲ್ಲಿ ಮೂರು ಪಟ್ಟೆ ಎಳೆದ. ಬರೀ ಮೂರು. ಒಣಗಿ ಕೂದಲೆಲ್ಲ ಹುರಿಹಗ್ಗ ಆಯಿತು, ಕೊನೆಗೆ ಬೋಳಿಸಿದ್ದು. ಚೌತಿಯವರೆಗೆ ಆ ನಾಯಿ ಗೇಟಿನ ಹೊರಗೆ ಬರಲಿಲ್ಲ.

2019ರಲ್ಲಿ ತೀರ್ಥಹಳ್ಳಿ ಕಡೆ ರೈತರೊಬ್ಬರು ತೋಟದ ಮಂಗ ಓಡಿಸಲು ನಾಯಿಗೆ ಹುಲಿಯ ಪಟ್ಟೆ ಬಳಿದದ್ದು ಪೇಪರಲ್ಲಿ ಬಂದಿತ್ತು, ನೆನಪುಂಟಾ? ಅವರಿಗೆ ಬೆಳೆ ಉಳಿಸುವ ಚಿಂತೆ. ನಿಮಗೆ ಒಂದು ಫೋಟೋ. ಹಳದಿ ಕಾಟನ್ ಬಟ್ಟೆಗೆ ಕಪ್ಪು ಪಟ್ಟಿ ಹೊಲಿಸಿ, ಸಾಕು. ಮತ್ತೆ ಹುಲಿ ಅಂದಮೇಲೆ ಮಕ್ಕಳು ಬಡಿಯಲು ತಾಸೆ ವಾದ್ಯ ತರುತ್ತಾರೆ. ಆ ಪೆಟ್ಟು ಕಿವಿಗೆ ಬಿದ್ದರೆ ನಿಮ್ಮ ಹುಲಿ ಸೋಫಾದ ಅಡಿಯಲ್ಲಿ ಸಿಗುತ್ತದೆ.

ಹಳೇ_ಬಂದರು
ನಮ್ಮಲ್ಲಿ ಅಷ್ಟಮಿ ವೇಷ ಇಲ್ವಾ? ದಸರಾಕ್ಕೆ ಹರಕೆ ಹೊತ್ತು ಕರಡಿ, ಸಿಂಹ ಅಂತ ವೇಷ ಹಾಕಿ ಅಂಗಡಿ ಅಂಗಡಿ ತಿರುಗುವವರು ಇಲ್ವಾ? ಅಮೆರಿಕದವರ ಹಬ್ಬ ತಂದು ನಾಯಿಗೆ ಕಟ್ಟುವ ಹುಚ್ಚು ಎಂತಕ್ಕೆ. ನಾಯಿಗೆ ಎರಡು ಬಂಗುಡೆ ಹಾಕಿ, ಅದೇ ಹಬ್ಬ.

ತಿಂಡಿಪೋತ_ಉಡುಪಿ
ಬಂದರಿನವರೇ, ವೇಷದ ಮರುಳು ನಮಗೆ ಅವರಿಗಿಂತ ಜಾಸ್ತಿಯೇ ಉಂಟು, ಅದಕ್ಕೇ ಇದು ಇಲ್ಲಿ ಸುಲಭಕ್ಕೆ ಹಿಡಿಯುತ್ತದೆ. ನೇಪಾಳದಲ್ಲಿ ನರಕ ಚತುರ್ದಶಿಯ ದಿನವೇ ನಾಯಿಗಳಿಗೆ ಹಾರ ಹಾಕಿ, ಹಣೆಗೆ ತಿಲಕ ಇಟ್ಟು ಪೂಜೆ ಮಾಡುತ್ತಾರೆ, ಕುಕುರ್ ತಿಹಾರ್ ಅಂತ. 2024ರಲ್ಲಿ ನಮ್ಮ ನರಕ ಚತುರ್ದಶಿ ಬಿದ್ದದ್ದೂ ಅಕ್ಟೋಬರ್ 31ಕ್ಕೇ. ಅವತ್ತು ನಾನು ನಮ್ಮ ಕಾಟು ನಾಯಿಗೆ ಸೇವಂತಿಗೆ ಮಾಲೆ ಹಾಕಿದೆ. ಎರಡು ಹಬ್ಬ ಒಂದೇ ಖರ್ಚಿನಲ್ಲಿ. ಮಾಲೆಯನ್ನು ಅದು ತಿಂದಿತು, ಅದು ಬೇರೆ ಮಾತು.

ಅಕ್ಕ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನ್ಯೂಯಾರ್ಕಿನ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕಿನ ನಾಯಿಗಳ ಹ್ಯಾಲೋವೀನ್ ಮೆರವಣಿಗೆ ಶುರುವಾಗಿ 30 ವರ್ಷದ ಮೇಲಾಯಿತು. ಅಲ್ಲಿ ಡ್ಯಾಶ್‌ಹೌಂಡ್ ಅಂದರೆ ಹಾಟ್‌ಡಾಗ್ ವೇಷ, ಎರಡು ಬನ್ನಿನ ಮಧ್ಯೆ ನಾಯಿ. ನಮಗೆ ಬನ್ ಎಂತಕ್ಕೆ? ಉದ್ದಕ್ಕೆ, ಗುಂಡಗೆ, ಎಲೆ ಸುತ್ತಿಕೊಂಡು ಇರುವುದು ನಮ್ಮಲ್ಲಿ ಎಂತ ಉಂಟು ಹೇಳಿ. ಮೂಡೆ! ಕೇದಗೆ ಎಲೆಯ ಕೊಳವೆಯಲ್ಲಿ ಬೇಯಿಸುವ ನಮ್ಮ ಇಡ್ಲಿ.

ಹಸಿರು ಕಾಟನ್ ಬಟ್ಟೆಯ ಅಗಲ ಪಟ್ಟಿಗಳನ್ನು ಓರೆಯಾಗಿ, ಒಂದರ ಮೇಲೊಂದು ಸ್ವಲ್ಪ ಏರುವ ಹಾಗೆ ಹೊಲಿಯಿರಿ, ಕೇದಗೆ ಎಲೆ ಸುತ್ತಿದ ಹಾಗೆಯೇ ಕಾಣುತ್ತದೆ. ಕುತ್ತಿಗೆಗೆ ಒಂದು ಬಿಳಿ ಬಟ್ಟೆಯ ಸುರುಳಿ, ಹಿಟ್ಟು ಉಬ್ಬಿ ಬಾಯಿಗೆ ಬಂದ ಹಾಗೆ. ನಿಜವಾದ ಕೇದಗೆ ಎಲೆ ಬೇಡ, ಅಂಚಿಗೆ ಮುಳ್ಳು. ಬಾಳೆ ಎಲೆಯೂ ಬೇಡ, ಬೋಂಡಾ ತಿನ್ನುತ್ತಾಳೆ. ಒಂದೇ ಸಮಸ್ಯೆ, ಮೂಡೆಗೆ ತಳ ಇರುತ್ತದೆ, ನಿಮ್ಮದಕ್ಕೆ ಬಾಲ.

ಬಾಲ_ನಾಲ್ಕು
ಮೂಡೆಗೆ ನನ್ನ ವೋಟು. ನಾನು ನಾಯಿಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಇದ್ದವಳು, ಎರಡು ಮಾತು ಹೇಳುತ್ತೇನೆ.

ನೀವು ಬರೆದದ್ದು ಪೋಸ್ ಅಲ್ಲ. ಕಿವಿ ಹಿಂದಕ್ಕೆ, ಮೂಗು ನೆಕ್ಕುವುದು, ಕಾಲು ಎತ್ತಿ ಅಲ್ಲಾಡದೆ ನಿಲ್ಲುವುದು, ಇದೆಲ್ಲ ಹೆದರಿಕೆ. ಹಾಗೆ ಮಾಡಿದರೆ ತೆಗೆದುಬಿಡಿ. ಇವತ್ತೇ ಬಟ್ಟೆಯನ್ನು ನೆಲದ ಮೇಲೆ ಹಾಸಿ, ಮೇಲೆ ಒಂದು ತುಂಡು ಬೇಯಿಸಿದ ಕೋಳಿ ಇಡಿ. ನಾಳೆ ಬೆನ್ನ ಮೇಲೆ ಸುಮ್ನೆ ಹಾಕಿ, ಒಂದು ನಿಮಿಷ. ಆಮೇಲೆ ಕಟ್ಟುವುದು. ಹನ್ನೆರಡು ದಿನ ಧಾರಾಳ ಸಾಕು. ಅಷ್ಟಾಗಿಯೂ ಒಪ್ಪದಿದ್ದರೆ ವೇಷ ಮಗಳೇ ಹಾಕಲಿ, ಬೋಂಡಾ ಪಕ್ಕದಲ್ಲಿ ನಿಲ್ಲಲಿ.

ಅಕ್ಟೋಬರ್ ಕೊನೆಯ ಸೆಕೆ ಗೊತ್ತಲ್ಲ, ನಾವೇ ಬೇಯುತ್ತೇವೆ. ನಾಯಿ ಬೆವರುವುದು ಪಾದದಲ್ಲಿ ಚೂರು, ಉಳಿದದ್ದೆಲ್ಲ ಬಾಯಿ ತೆರೆದು ಏದುಸಿರು ಬಿಟ್ಟೇ ತಣ್ಣಗಾಗಬೇಕು. ಹಾಗಾಗಿ ಮುಖವಾಡ ಬೇಡ, ಬಾಯಿಗೆ ಏನೂ ಕಟ್ಟಬೇಡಿ, ನೈಲಾನ್, ಸ್ಪಂಜು ಬೇಡ. ಸಂಜೆ ಆದಮೇಲೆ ಹತ್ತು ನಿಮಿಷ, ಮುಗಿಯಿತು. ಹೊಟ್ಟೆಯ ಕೆಳಗೆ ಬಟ್ಟೆ ತೆರೆದೇ ಇರಲಿ. ಡ್ಯಾಶ್‌ಹೌಂಡಿಗೆ ಬೆನ್ನು ಉದ್ದ, ಡಿಸ್ಕ್ ತೊಂದರೆ ಈ ಜಾತಿಗೆ ಜಾಸ್ತಿ. ಭಾರದ್ದು ಹೇರಬೇಡಿ, ಸ್ಟೇಜಿಗೆ ಹಾರಿಸಬೇಡಿ, ಎತ್ತುವಾಗ ಎದೆಗೊಂದು ಕೈ, ಹಿಂಭಾಗಕ್ಕೊಂದು ಕೈ.

ಮತ್ತೆ ಮಕ್ಕಳ ಕೈಯ ಚಾಕ್ಲೇಟ್. ಅದರ ಥಿಯೋಬ್ರೋಮಿನ್ ನಾಯಿಗೆ ವಿಷ, ಬಣ್ಣ ಕಪ್ಪಾದಷ್ಟೂ ಅಪಾಯ ಜಾಸ್ತಿ. ಒಣದ್ರಾಕ್ಷಿಯೂ ಹಾಗೆಯೇ, ಪಾಯಸದ್ದೂ ಸೇರಿ.

ಬೋಂಡಾಳ_ಅಮ್ಮ
ಅಪ್ಡೇಟ್ ಕೊಡಲು ತಡವಾಯಿತು. ಮೂಡೆಯೇ ಮಾಡಿದೆವು. ಸ್ಟೇಟ್‌ಬ್ಯಾಂಕ್ ಹತ್ತಿರ ಹಸಿರು ಕಟ್‌ಪೀಸ್, ಹಳೇ ಪಂಚೆಯ ಬಿಳಿ, ಒಟ್ಟು 120 ರೂಪಾಯಿ. ಟೈಲರ್ ಅಳತೆ ಕೇಳಿದರು, ಎದೆ ಸುತ್ತಳತೆ 18 ಇಂಚು, ಕೈ ಉದ್ದ ಮೂರು ಇಂಚು ಅಂದೆ. ಮಗುವಿಗಾ ಅಂತ ಕೇಳಿ ನನ್ನ ಮುಖ ನೋಡಿದರು.

ಎಂಟನೇ ದಿನಕ್ಕೆ ಬಟ್ಟೆ ನೋಡಿದರೆ ಬಾಲ ಆಡಿಸತೊಡಗಿದಳು, ಕೋಳಿಯ ಮಹಿಮೆ. ಸ್ಪರ್ಧೆಯ ದಿನ ಒಂದು ಸುತ್ತು ಚೆನ್ನಾಗಿ ನಡೆದಳು. ಎರಡನೇ ಸುತ್ತಿಗೆ ಕೂತು, ಕುತ್ತಿಗೆಯ ಬಿಳಿ ಸುರುಳಿ ಕಚ್ಚಿ ಎಳೆದು ಹಾಕಿದಳು. ಅನೌನ್ಸ್ ಮಾಡುತ್ತಿದ್ದ ಹುಡುಗ ಮೈಕಿನಲ್ಲಿ "ಮೂಡೆ ತನ್ನನ್ನು ತಾನೇ ತಿನ್ನುತ್ತಿದೆ" ಅಂದ. ಫಸ್ಟ್ ಪ್ರೈಜ್ ನಮಗಲ್ಲ. ವಾಚ್‌ಮನ್ ಜೊತೆ ರಾತ್ರಿ ಗೇಟು ಕಾಯುವ ಬೀದಿನಾಯಿಗೆ ಯಾರೋ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆ ಇಟ್ಟಿದ್ದರು, ಅಷ್ಟೇ, ಅದು ತೋಟಕ್ಕೆ ಹೊರಟ ಅಜ್ಜನ ಹಾಗೆ ಗಂಭೀರವಾಗಿ ನಡೆದುಹೋಯಿತು. ನಾನೂ ಅದಕ್ಕೇ ವೋಟು ಹಾಕಿದೆ.

ಆ ಬಾವಲಿ ರೆಕ್ಕೆ ಹಾಗೇ ಉಂಟು. ಪಗ್ ಇದ್ದವರು ಯಾರಿಗಾದರೂ ಬೇಕಾ?

ಬಾಲ_ನಾಲ್ಕು
ಪಗ್‌ಗೆ ಬೇಡ ಅಕ್ಕ, ಚಪ್ಪಟೆ ಮೂಗು, ಈ ಸೆಕೆಗೆ ಮೊದಲೇ ಉಸಿರು ಕಷ್ಟ. ಮಗಳ ಗೊಂಬೆಗೆ ಹಾಕಿ.

ಹಳೇ_ಬಂದರು
ಮುಟ್ಟಾಳೆ ನಾಯಿಯ ಫೋಟೋ ಹಾಕಿ.